ಪೆಟ್ಲುಪ್ಪಿನ ಹಿಂದಿನ ಕಾಣದ ಕೈಗಳು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿಯಾಗಿತ್ತು. ಆಗ ಅದರ ಹೆಸರು ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡ. 2018ರ ಜುಲೈ ತಿಂಗಳಲ್ಲಿ ಅಲ್ಲಿಯ ಪಾಳುಬಾವಿಯೊಂದನ್ನು ರಾಜ್ಯ ಪುರಾತತ್ವ ಇಲಾಖೆ ಅಗೆಸಿದಾಗ ಮಣ್ಣಿನಡಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಟಿಪ್ಪು ಸುಲ್ತಾನನ ಕಾಲದವೆಂದು ಗುರುತಿಸಲಾದ ಈ ಕೊಳವೆಗಳ ಹೊಟ್ಟೆಯಲ್ಲಿ ಎರಡು ಶತಮಾನಗಳ ಬಳಿಕವೂ ಮದ್ದು ಉಳಿದಿತ್ತು. ಆ ಮದ್ದಿನಲ್ಲಿದ್ದ ಮುಖ್ಯ ವಸ್ತು ಪೊಟ್ಯಾಸಿಯಂ ನೈಟ್ರೇಟ್. ಆಡುಮಾತಿನಲ್ಲಿ ಅದು ಪೆಟ್ಲುಪ್ಪು.

ಕೊಳವೆಯನ್ನು ಬಡಿದು ರೂಪಿಸಿದವರು ಕಮ್ಮಾರರು. ಮದ್ದನ್ನು ಅರೆದು ತುಂಬಿದವರು ಕುಶಲಕರ್ಮಿಗಳು. ಇದ್ದಿಲನ್ನು ಸುಟ್ಟವರೂ ಮನುಷ್ಯರೇ. ಆದರೆ ಪೆಟ್ಲುಪ್ಪನ್ನು ಮಾಡಿದವರು ಯಾರು? ಈ ಪ್ರಶ್ನೆಗೆ ಅಂದು ಶ್ರೀರಂಗಪಟ್ಟಣದಲ್ಲಾಗಲಿ, ಲಂಡನ್ನಿನಲ್ಲಾಗಲಿ, ಪ್ಯಾರಿಸ್ಸಿನಲ್ಲಾಗಲಿ ಉತ್ತರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಉತ್ತರ ಸಿಕ್ಕಿದ್ದು ಟಿಪ್ಪು ಮಡಿದ ಎಪ್ಪತ್ತೆಂಟು ವರ್ಷಗಳ ಮೇಲೆ, ಅದೂ ಪ್ಯಾರಿಸ್ ನಗರದ ಚರಂಡಿ ನೀರಿನಲ್ಲಿ.

ಕೊಟ್ಟಿಗೆಯ ಮಣ್ಣು, ಅರಸನ ಬಲ

ಕೋವಿ ಮದ್ದಿನ ಮೂರು ಪದಾರ್ಥಗಳಲ್ಲಿ ಇದ್ದಿಲು ಮತ್ತು ಗಂಧಕದ ಪಾಲು ಸಣ್ಣದು. ಹೆಚ್ಚು ಕಡಿಮೆ ಮುಕ್ಕಾಲು ಪಾಲು ಪೆಟ್ಲುಪ್ಪೇ. ಇದ್ದಿಲನ್ನು ಎಲ್ಲಿ ಬೇಕಾದರೂ ಸುಡಬಹುದು. ಗಂಧಕವನ್ನು ಗಣಿಯಿಂದ ತರಿಸಬಹುದು. ಪೆಟ್ಲುಪ್ಪು ಮಾತ್ರ ಹಾಗಲ್ಲ. ಅದು ದನದ ಕೊಟ್ಟಿಗೆಯ ನೆಲದಲ್ಲಿ, ಹಳೆಯ ಮಣ್ಣುಗೋಡೆಯ ಬುಡದಲ್ಲಿ, ಹಳ್ಳಿಯಂಚಿನ ತಿಪ್ಪೆಯ ಸುತ್ತಮುತ್ತ ಬಿಳಿ ಹೊದಿಕೆಯಾಗಿ ಮೂಡುತ್ತಿತ್ತು. ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ, ಸೋಸಿ, ಮರದ ಬೂದಿಯೊಂದಿಗೆ ಸೇರಿಸಿ, ಕೊಪ್ಪರಿಗೆಯಲ್ಲಿ ಕುದಿಸಿ ಆರಿಸಿದರೆ ಸೂಜಿಯಂತಹ ಹರಳುಗಳು ಇಳಿಯುತ್ತಿದ್ದವು. ಮಣ್ಣಿನಲ್ಲಿದ್ದ ಸುಣ್ಣದ ನೈಟ್ರೇಟು ಬೂದಿಯ ಪೊಟ್ಯಾಷಿನೊಂದಿಗೆ ಕೂಡಿ ಪೆಟ್ಲುಪ್ಪಾಗುತ್ತದೆ ಎಂಬ ರಸಾಯನಶಾಸ್ತ್ರ ತಿಳಿಯುವುದಕ್ಕೆ ಎಷ್ಟೋ ಮೊದಲೇ ಕೈಗೆ ಈ ಕೆಲಸ ಒಗ್ಗಿತ್ತು.

ಜಗತ್ತಿಗೇ ಹೆಸರಾದ ಪೆಟ್ಲುಪ್ಪು ಬಿಹಾರದ್ದು. ಗಂಗಾ ಬಯಲಿನ ಬಿಸಿಲು, ಜನ ಜಾನುವಾರು ತುಂಬಿದ ಹಳ್ಳಿಗಳು, ಮಳೆಗಾಲದ ತೇವ ಮತ್ತು ಅದರ ನಂತರದ ದೀರ್ಘ ಒಣ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ಅಲ್ಲಿ ನೋನಿಯಾ ಎಂಬ ಸಮುದಾಯದ ಕುಲಕಸುಬೇ ಈ ಮಣ್ಣನ್ನು ಕೆರೆದು ಉಪ್ಪು ತೆಗೆಯುವುದಾಗಿತ್ತು. ಅವರು ತೆಗೆದ ಉಪ್ಪು ಪಟನಾದ ಮಾರುಕಟ್ಟೆಯಲ್ಲಿ ಡಚ್ಚರಿಗೂ ಇಂಗ್ಲಿಷರಿಗೂ ಮಾರಾಟವಾಗಿ, ಹಡಗಿನ ತಳದಲ್ಲಿ ಭಾರದ ಸರಕಾಗಿ ಯೂರೋಪು ಸೇರುತ್ತಿತ್ತು. ಪ್ಲಾಸಿ ಕದನ ಮುಗಿದ ಮರುವರ್ಷ, 1758ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ನವಾಬನಿಂದ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಬರೆಸಿಕೊಂಡಿತು. ಬ್ರಿಟನ್ನಿನ ಫಿರಂಗಿಗಳು ಗುಡುಗಿದ ಕಡೆಯಲ್ಲೆಲ್ಲ ಬಿಹಾರದ ಕೊಟ್ಟಿಗೆಗಳ ಮಣ್ಣಿನ ಪಾಲಿತ್ತು ಎಂದರೆ ತಪ್ಪಾಗದು.

ಇಂತಹ ಮಣ್ಣು ಧಾರಾಳವಾಗಿಲ್ಲದ ದೇಶಗಳ ಪಾಡು ಬೇರೆ. 1626ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಪ್ರಜೆಗಳೆಲ್ಲರೂ ಮನೆಯ ಮೂತ್ರವನ್ನು ಪಾತ್ರೆಗಳಲ್ಲಿ ಕೂಡಿಡಬೇಕೆಂದು ಆಜ್ಞೆ ಹೊರಡಿಸಿದ. ಫ್ರಾನ್ಸಿನಲ್ಲಿ ಪೆಟ್ಲುಪ್ಪಿನ ಅಧಿಕಾರಿಗಳಿಗೆ ಯಾರ ನೆಲಮಾಳಿಗೆಯನ್ನಾದರೂ ಅಗೆಯುವ ಹಕ್ಕಿತ್ತು. ಆ ಉಪದ್ರವವನ್ನು ತಪ್ಪಿಸಲು 1775ರಲ್ಲಿ ಸರಕಾರ ಮದ್ದಿನ ಆಡಳಿತವನ್ನು ಹೊಸದಾಗಿ ರಚಿಸಿದಾಗ ಅದರ ಮುಂದಾಳುಗಳಲ್ಲಿ ಒಬ್ಬನಾಗಿ ನೇಮಕಗೊಂಡವನು ಆಧುನಿಕ ರಸಾಯನಶಾಸ್ತ್ರದ ಜನಕ ಲವಾಸಿಯೆ. ಸಗಣಿ, ಹುಲ್ಲು, ಸುಣ್ಣ, ಮಣ್ಣು ಬೆರೆಸಿದ ತಿಪ್ಪೆಗಳನ್ನು ಸೂರಿನಡಿ ಹಾಕಿ, ಆಗಾಗ ಮೂತ್ರ ಎರೆದು, ಮಗುಚಿ ಗಾಳಿಯಾಡಿಸಿ ವರ್ಷಗಟ್ಟಲೆ ಕಾಯುವ ಕ್ರಮ ಯೂರೋಪಿನಲ್ಲಿ ಬಳಕೆಗೆ ಬಂತು.

ಇಲ್ಲೊಂದು ವಿಚಿತ್ರ ಗಮನಿಸತಕ್ಕದ್ದು. ತಿಪ್ಪೆ ತೀರಾ ಒಣಗಬಾರದು, ನೀರು ನಿಲ್ಲಬಾರದು, ಗಾಳಿಯಾಡಬೇಕು, ಸುಣ್ಣವಿರಬೇಕು, ಬೆಚ್ಚಗಿರಬೇಕು. ಅನುಭವದಿಂದ ಕಲಿತ ಈ ನಿಯಮಗಳೆಲ್ಲ ಒಂದು ಜೀವಿಯನ್ನು ಸಾಕುವ ನಿಯಮಗಳೇ. ಆದರೂ ಸಾಕುತ್ತಿದ್ದೇವೆ ಎಂಬುದು ಸಾಕುವವರಿಗೆ ತಿಳಿದಿರಲಿಲ್ಲ. ಗಾಳಿಯ ಆಮ್ಲಜನಕ ಮಣ್ಣಿನ ರಂಧ್ರಗಳಲ್ಲಿ ಅಮೋನಿಯಾವನ್ನು ನಿಧಾನವಾಗಿ ಸುಡುವುದರಿಂದ ನೈಟ್ರೇಟು ಹುಟ್ಟುತ್ತದೆ ಎಂದು ರಸಾಯನ ಪಂಡಿತರು ನಂಬಿದ್ದರು.

ಪೆಟ್ಲುಪ್ಪಿನ ಮೂಲಧಾತುವಿಗೆ ಇಟ್ಟ ಹೆಸರುಗಳಲ್ಲೂ ಈ ಗೊಂದಲ ಕಾಣುತ್ತದೆ. 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರದರ್‌ಫರ್ಡ್ ಗಾಳಿಯಿಂದ ಬೇರ್ಪಡಿಸಿದ ಅನಿಲದಲ್ಲಿ ಇಲಿ ಬದುಕಲಿಲ್ಲ, ದೀಪ ಉರಿಯಲಿಲ್ಲ. ಲವಾಸಿಯೆ ಅದಕ್ಕೆ ‘ಅಜೋತ್’, ಅಂದರೆ ನಿರ್ಜೀವ, ಎಂದು ಹೆಸರಿಟ್ಟ. 1790ರಲ್ಲಿ ಶಾಪ್ತಾಲ್ ಎಂಬ ಮತ್ತೊಬ್ಬ ಫ್ರೆಂಚ್ ರಸಾಯನಜ್ಞ ‘ನೈಟ್ರೋಜನ್’, ಅಂದರೆ ಪೆಟ್ಲುಪ್ಪಿನ ಜನಕ, ಎಂದು ಕರೆದ. ಕನ್ನಡದ ‘ಸಾರಜನಕ’ ಇವೆರಡನ್ನೂ ಮೀರಿಸಿ ನಿಜಕ್ಕೆ ಹತ್ತಿರವಾದ ಹೆಸರು. ನೆಲದ ಸಾರ, ಬೆಳೆಯ ಸಾರ, ಮೈಯ ಮಾಂಸದ ಸಾರ ಎಲ್ಲವೂ ಅದರಿಂದಲೇ.

ಗಾಜಿನ ಕೊಳವೆಯ ಇಪ್ಪತ್ತು ದಿನ

1870ರ ದಶಕದಲ್ಲಿ ಪ್ಯಾರಿಸ್ ನಗರಕ್ಕೆ ಒಂದು ತಲೆನೋವು ಎದುರಾಗಿತ್ತು. ನಗರದ ಕೊಳಚೆ ನೀರನ್ನು ಹೊಲಗಳ ಮೇಲೆ ಹರಿಸಿದರೆ ಮಣ್ಣಿನ ಮೂಲಕ ಇಳಿದು ಹೋಗುವಷ್ಟರಲ್ಲಿ ಅದು ತಿಳಿಯಾಗುತ್ತಿತ್ತು. ಅದರಲ್ಲಿದ್ದ ಅಮೋನಿಯಾ ಮಾಯವಾಗಿ ಅದರ ಜಾಗದಲ್ಲಿ ನೈಟ್ರೇಟು ಇರುತ್ತಿತ್ತು. ಇದು ಹೇಗೆ ಆಗುತ್ತದೆ ಎಂದು ತಿಳಿಯಲು ತಿಯೊಫಿಲ್ ಷ್ಲೋಸಿಂಗ್ ಮತ್ತು ಅಶಿಲ್ ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಹೊರಟರು. ಅವರು ಗಾಜಿನ ಉದ್ದನೆಯ ಕೊಳವೆಯೊಂದರಲ್ಲಿ ಚೆನ್ನಾಗಿ ಕಾಯಿಸಿದ ಮರಳನ್ನೂ ಸ್ವಲ್ಪ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಕೊಳಚೆ ನೀರನ್ನು ಹನಿ ಹನಿಯಾಗಿ ಬಿಟ್ಟರು.

ಮೊದಲ ಇಪ್ಪತ್ತು ದಿನ ಏನೂ ನಡೆಯಲಿಲ್ಲ. ಮೇಲೆ ಸುರಿದ ಅಮೋನಿಯಾ ಕೆಳಗೆ ಹಾಗೆಯೇ ಬರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ನೈಟ್ರೇಟು ಕಾಣಿಸಿತು. ದಿನದಿಂದ ದಿನಕ್ಕೆ ಹೆಚ್ಚಿತು. ಕೊನೆಗೆ ಅಮೋನಿಯಾ ಪೂರ್ತಿ ಮಾಯವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಶುರುವಾಗಬೇಕಿತ್ತು. ಇಪ್ಪತ್ತು ದಿನದ ತಡವೇಕೆ? ಮರಳಿನೊಳಗೆ ಯಾವುದೋ ಜೀವ ನೆಲೆಯೂರಿ ಸಂಖ್ಯೆಯಲ್ಲಿ ಬೆಳೆಯಲು ಅಷ್ಟು ಸಮಯ ಹಿಡಿದಿರಬೇಕು.

ಈ ಅನುಮಾನವನ್ನು ಪರೀಕ್ಷಿಸಲು ಅವರು ಕೊಳವೆಯೊಳಗೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದರು. ಜೀವಿಗಳನ್ನು ನಿಶ್ಚೇಷ್ಟಿತಗೊಳಿಸುವ ಆ ಆವಿಯ ಮುಂದೆ ನೈಟ್ರೇಟಿನ ತಯಾರಿ ನಿಂತೇ ಹೋಯಿತು. ಕ್ಲೋರೋಫಾರಂ ನಿಲ್ಲಿಸಿದ ಮೇಲೂ ಅದು ತಾನಾಗಿ ಚೇತರಿಸಿಕೊಳ್ಳಲಿಲ್ಲ. ಕೊನೆಗೆ ಸ್ವಲ್ಪ ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ ಆ ನೀರನ್ನು ಕೊಳವೆಗೆ ಸುರಿದಾಗ ಕೆಲವು ದಿನಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದೂ. 1877ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಪೆಟ್ಲುಪ್ಪನ್ನು ಮಾಡುವವರು ಸೂಕ್ಷ್ಮಜೀವಿಗಳು ಎಂಬುದು ನಿಶ್ಚಿತವಾಯಿತು. ಹದಿನೈದು ವರ್ಷಗಳ ಹಿಂದೆ ಲೂಯಿ ಪಾಶ್ಚರ್ ಊಹೆಯಾಗಿ ಹೇಳಿದ್ದ ಮಾತು ದಿಟವಾಯಿತು.

ಬಡಿಸಿದರೆ ಉಣ್ಣದ ಅತಿಥಿ

ಆದರೆ ಆ ಜೀವಿ ಯಾವುದು? ಲಂಡನ್ನಿಗೆ ಸಮೀಪದ ರೊಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ರಾಬರ್ಟ್ ವಾರಿಂಗ್ಟನ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ, ಒಂದು ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ ಎಂಬಷ್ಟನ್ನು ಅವರು ಕಂಡುಕೊಂಡರು. ಜೀವಿಗಳನ್ನು ಮಾತ್ರ ಬೇರ್ಪಡಿಸಲಾಗಲಿಲ್ಲ. ಆ ಕಾಲದ ಪ್ರಯೋಗಶಾಲೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಿದ್ದುದು ಮಾಂಸದ ಸಾರು, ಜಿಲೆಟಿನ್ ಮುಂತಾದ ಪುಷ್ಟಿಕರ ಆಹಾರದ ಮೇಲೆ. ಬೇಕಾದ ಜೀವಿಯ ಹೊರತು ಉಳಿದ ಎಲ್ಲವೂ ಅಲ್ಲಿ ಹುಲುಸಾಗಿ ಬೆಳೆಯುತ್ತಿದ್ದವು.

ಗಂಟನ್ನು ಬಿಚ್ಚಿದವರು ಕೀವ್‌ನಲ್ಲಿ 1856ರಲ್ಲಿ ಹುಟ್ಟಿದ ಸೆರ್ಗೈ ವಿನೊಗ್ರಾಡ್‌ಸ್ಕಿ. ಕೆಲವು ಬ್ಯಾಕ್ಟೀರಿಯಾಗಳು ಗಂಧಕದ ಸಂಯುಕ್ತವನ್ನೇ ಉರಿಸಿ ಬದುಕುವುದನ್ನು ಅವರು ಮೊದಲೇ ಕಂಡಿದ್ದರು. ಅಮೋನಿಯಾವನ್ನು ಉರಿಸಿ ಬದುಕುವ ಜೀವಿಗೂ ಸಾರಿನ ಅಗತ್ಯ ಇರಲಾರದೆಂದು ತರ್ಕಿಸಿದ ಅವರು ಜೂರಿಕ್‌ನಲ್ಲಿ ಬಡಿಸುವ ಬದಲು ಎಲೆಯನ್ನೇ ಖಾಲಿ ಮಾಡಿದರು. ಅಮೋನಿಯಾ, ಕೆಲವು ಲವಣ, ಸುಣ್ಣದ ಪುಡಿ ಮತ್ತು ನೀರು, ಇಷ್ಟೇ. ಸಕ್ಕರೆಯಾಗಲಿ ಮಾಂಸವಾಗಲಿ ಇಲ್ಲದ ಆ ಬಡ ನೀರಿನಲ್ಲಿ ಬೇರೆಯವು ಹಸಿದು ಸತ್ತವು, ಹುಡುಕುತ್ತಿದ್ದದ್ದು ಬೆಳೆಯಿತು. 1890ರಲ್ಲಿ ಅವರು ಅದನ್ನು ಜಗತ್ತಿಗೆ ತೋರಿಸಿದರು. ಎರಡನೆಯ ಹಂತದ ಜೀವಿಯೂ ಮುಂದಿನ ಕೆಲವು ತಿಂಗಳಲ್ಲಿ ಕೈಗೆ ಬಂತು. ನೈಟ್ರೋಸೊಮೊನಾಸ್ ಮತ್ತು ನೈಟ್ರೋಬ್ಯಾಕ್ಟರ್ ಎಂಬ ಹೆಸರುಗಳು ಅಲ್ಲಿಂದ ಪಠ್ಯಪುಸ್ತಕ ಸೇರಿದವು.

ಇದರಿಂದ ಹೊರಟ ಅರ್ಥ ಪೆಟ್ಲುಪ್ಪಿಗಿಂತ ದೊಡ್ಡದು. ಹಸಿರು ಗಿಡ ಸೂರ್ಯನ ಬೆಳಕಿನಿಂದ ಮೈ ಕಟ್ಟಿಕೊಳ್ಳುತ್ತದೆ, ಉಳಿದ ಜೀವವೆಲ್ಲ ಆ ಗಿಡವನ್ನು ಆಶ್ರಯಿಸಿದೆ ಎಂಬ ನಂಬಿಕೆ ಅಲ್ಲಿಯತನಕ ಅಲುಗಿರಲಿಲ್ಲ. ಈ ಜೀವಿಗಳು ಕತ್ತಲಲ್ಲಿ ಕುಳಿತು ಅಮೋನಿಯಾವನ್ನು ಸೌದೆಯಾಗಿ ಉರಿಸಿ, ಗಾಳಿಯ ಇಂಗಾಲದಿಂದಲೇ ದೇಹ ಕಟ್ಟಿಕೊಳ್ಳುತ್ತಿದ್ದವು. ಪೆಟ್ಲುಪ್ಪು ಅವುಗಳ ಒಲೆಯಲ್ಲಿ ಉಳಿದ ಬೂದಿ. ಆ ಬೂದಿಗಾಗಿ ಸಾಮ್ರಾಜ್ಯಗಳು ಕಾದಾಡಿದ್ದವು.

ಅವರೆ ಬೇರಿನ ಗಂಟು

ಕೊಟ್ಟಿಗೆಯ ಅಮೋನಿಯಾ ಸಗಣಿ ಗಂಜಲದಿಂದ ಬಂತು. ಸಗಣಿ ಹುಲ್ಲಿನಿಂದ ಬಂತು. ಹುಲ್ಲಿಗೆ ಸಾರಜನಕ ಎಲ್ಲಿಂದ ಬಂತು? ಗಾಳಿಯಲ್ಲಿ ಶೇಕಡಾ 78ರಷ್ಟು ಅದೇ ಇದ್ದರೂ ಗಿಡಗಳಿಗೆ ಅದನ್ನು ನೇರವಾಗಿ ಮುಟ್ಟಲಾಗದು. ಅದರ ಎರಡು ಪರಮಾಣುಗಳು ಅಷ್ಟು ಬಿಗಿಯಾಗಿ ಒಂದನ್ನೊಂದು ಹಿಡಿದಿರುತ್ತವೆ. ಸಿಡಿಲು ಹೊಡೆದಾಗ ಅಲ್ಪಸ್ವಲ್ಪ ಬಿಡುತ್ತದೆ.

ಬೇಳೆಕಾಳಿನ ಬೆಳೆಯ ನಂತರ ಹೊಲ ಚೆನ್ನಾಗಿ ಬರುತ್ತದೆಂದು ರೋಮನ್ನರ ಕಾಲದ ರೈತರಿಗೂ ಗೊತ್ತಿತ್ತು. ಹಳೆ ಮೈಸೂರಿನ ರೈತರು ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಇಡುವುದೂ ಇದೇ ತಿಳಿವಳಿಕೆಯ ಕವಲು. ಆದರೆ 1850ರ ದಶಕದ ಕೊನೆಯಲ್ಲಿ ರೊಥಾಮ್‌ಸ್ಟೆಡ್‌ನಲ್ಲಿ ಬಹಳ ಎಚ್ಚರಿಕೆಯಿಂದ ನಡೆದ ಪ್ರಯೋಗವೊಂದು ಇದನ್ನು ಅಲ್ಲಗಳೆಯಿತು. ಮಣ್ಣನ್ನು ಕಾಯಿಸಿ ಶುದ್ಧಗೊಳಿಸಿ, ಗಾಜಿನ ಗೂಡಿನೊಳಗೆ ಗಿಡ ಬೆಳೆಸಿದಾಗ ಕಾಳಿನ ಗಿಡವೂ ಗಾಳಿಯಿಂದ ಸಾರಜನಕ ಹೀರಲಿಲ್ಲ. ಪ್ರಯೋಗದಲ್ಲಿ ಲೋಪವಿರಲಿಲ್ಲ. ಮಡಿ ಹೆಚ್ಚಾದದ್ದೇ ಅದರ ದೋಷ. ಮಣ್ಣನ್ನು ಕಾಯಿಸಿದಾಗ ಕೆಲಸಗಾರರೇ ಸತ್ತಿದ್ದರು.

1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಅದನ್ನು ಬಯಲಿಗೆಳೆದರು. ಕಾಯಿಸಿದ ಮರಳಿನಲ್ಲಿ ಸೊರಗುವ ಬಟಾಣಿ ಗಿಡ, ಹೊಲದ ಮಣ್ಣಿನ ನೀರನ್ನು ಒಂದಿಷ್ಟು ಹನಿಸಿದರೆ ಬೇರಿನಲ್ಲಿ ಗಂಟು ಕಟ್ಟಿಕೊಂಡು ನಳನಳಿಸುತ್ತಿತ್ತು. ಅದೇ ನೀರನ್ನು ಕುದಿಸಿ ಹಾಕಿದರೆ ಫಲವಿರಲಿಲ್ಲ. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಗೇಯೋ ಮತ್ತು ದ್ಯುಪೆತಿ ಎಂಬುವರು, ಗಾಳಿಯಿಲ್ಲದ ಕೆಸರಿನಲ್ಲಿ ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡಿ ಸಾರಜನಕವನ್ನು ಮತ್ತೆ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳನ್ನು ಕಂಡರು. ಗಾಳಿಯಿಂದ ಬೇರಿಗೆ, ಬೇರಿನಿಂದ ಮೈಗೆ, ಮೈಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಗಾಳಿಗೆ. ಚಕ್ರ ಪೂರ್ತಿಯಾಯಿತೆಂದು ಎಲ್ಲರೂ ನಂಬಿದರು.

ಲೆಕ್ಕದ ಪುಸ್ತಕಕ್ಕೆ ಸಿಗದವರು

ಅಷ್ಟರಲ್ಲಿ ಮನುಷ್ಯ ತಾನೇ ಈ ಚಕ್ರಕ್ಕೆ ಕೈ ಹಾಕಿದ. 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಹೆಚ್ಚಿನ ಒತ್ತಡದಲ್ಲಿ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಏರಿಸಿ, 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಮರುವರ್ಷ ಮಹಾಯುದ್ಧ ಆರಂಭವಾಗಿ, ಚಿಲಿ ದೇಶದ ನೈಟ್ರೇಟು ಜರ್ಮನಿಗೆ ತಲುಪದಂತೆ ಬ್ರಿಟಿಷ್ ನೌಕಾಪಡೆ ತಡೆದಾಗ, ಅದೇ ಅಮೋನಿಯಾ ಗೊಬ್ಬರವಾಗುವ ಬದಲು ಸಿಡಿಮದ್ದಾಯಿತು. ಯುದ್ಧಗಳು ಮುಗಿದ ಮೇಲೆ ಅದು ಹೊಲಕ್ಕೆ ಇಳಿಯಿತು. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಅನ್ನಕ್ಕೆ ಆ ಕಾರ್ಖಾನೆಗಳ ಸಾರಜನಕವೇ ಆಧಾರ.

ಹೊಲಕ್ಕೆ ಸುರಿದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಹಳೆಯ ಕೆಲಸಗಾರರ ಕೈಯಲ್ಲೇ ಉಳಿಯಿತು. ಅವರ ಪಟ್ಟಿಯೂ ಪೂರ್ತಿಯಾಗಿರಲಿಲ್ಲ. ಗಾಳಿಯಿಲ್ಲದ ಕಡೆ ಅಮೋನಿಯಾ ಮತ್ತು ನೈಟ್ರೈಟನ್ನು ಕೂಡಿಸಿ ಸಾರಜನಕ ಮಾಡುವ ಜೀವಿ ಇರಬೇಕೆಂದು 1977ರಲ್ಲಿ ವಿಯೆನ್ನಾದ ಎಂಗೆಲ್ಬರ್ಟ್ ಬ್ರೋಡಾ ಬರಿಯ ಲೆಕ್ಕಾಚಾರದಿಂದ ಹೇಳಿದರು. ಹಾಲೆಂಡಿನ ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆಯೊಂದರ ಕೊಳಚೆ ತೊಟ್ಟಿಯಲ್ಲಿ ಅದು ನಿಜವಾಗಿಯೂ ನಡೆಯುತ್ತಿರುವುದು 1990ರ ದಶಕದಲ್ಲಿ ಬೆಳಕಿಗೆ ಬಂತು. 1999ರಲ್ಲಿ ಜೀವಿಯೂ ಗುರುತಿಗೆ ಸಿಕ್ಕಿತು. ಅನಮಾಕ್ಸ್ ಎಂದು ಕರೆಯಲಾಗುವ ಈ ಕ್ರಿಯೆಯ ನಡುವೆ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಹೈಡ್ರಜೀನ್ ಹುಟ್ಟುತ್ತದೆ. ಉಪಗ್ರಹಗಳ ಇಂಧನವಾಗಿ ಬಳಸುವ ರಾಸಾಯನಿಕವೇ ಅದು. ಟಿಪ್ಪುವಿನ ರಾಕೆಟ್ಟಿಗೆ ಉಪ್ಪು ಕೊಟ್ಟ ಬಳಗದ ಇನ್ನೊಂದು ಶಾಖೆ ಇಂದಿನ ರಾಕೆಟ್ಟಿನ ಇಂಧನವನ್ನೂ ಬಲ್ಲದು!

2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮೀನಿನ ಪ್ರದರ್ಶನಾಲಯದ ತೊಟ್ಟಿಯಿಂದ, ಬ್ಯಾಕ್ಟೀರಿಯಾವೇ ಅಲ್ಲದ ಆರ್ಕಿಯಾ ಎಂಬ ಬೇರೆ ಕುಲದ ಜೀವಿಯೊಂದು ಸಿಕ್ಕಿತು. ಅದೂ ಅಮೋನಿಯಾವನ್ನು ಉರಿಸುತ್ತಿತ್ತು. ಸಮುದ್ರಗಳಲ್ಲಿ ಈ ಕೆಲಸದ ದೊಡ್ಡ ಪಾಲು ಅದರ ಬಳಗದ್ದೇ ಎಂದು ಈಗ ತಿಳಿದಿದೆ. ಎರಡು ಹಂತಕ್ಕೆ ಇಬ್ಬರು ಬೇಕೆಂಬ ವಾರಿಂಗ್ಟನ್ ಕಾಲದ ಮಾತು ಸಹ 2015ರಲ್ಲಿ ಸಡಿಲವಾಯಿತು. ಎರಡನ್ನೂ ಒಬ್ಬಂಟಿಯಾಗಿ ಮಾಡುವ ಬ್ಯಾಕ್ಟೀರಿಯಾ ರಷ್ಯದ ಒಂದು ಆಳವಾದ ತೈಲಶೋಧ ಬಾವಿಯ ಕೊಳವೆಯಿಂದ ದೊರೆಯಿತು. ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ನಿರೀಕ್ಷಿಸದೆ ಬಂದದ್ದು’.

ಬೇವಿನ ಲೇಪ, ಬಾವಿಯ ನೀರು

ಈ ಶೋಧಗಳು ಪಂಡಿತರ ಕುತೂಹಲಕ್ಕೆ ಸೀಮಿತವಲ್ಲ. ಭಾರತದ ಹೊಲಗಳಿಗೆ 2023–24ರಲ್ಲಿ ಬಿದ್ದ ಯೂರಿಯಾ ಮೂರೂವರೆ ಕೋಟಿ ಟನ್ನಿಗೂ ಹೆಚ್ಚು. ಅದರ ಸಾರಜನಕದಲ್ಲಿ ಅರ್ಧದಷ್ಟೂ ಬೆಳೆಗೆ ದಕ್ಕುವುದಿಲ್ಲ. ಯೂರಿಯಾ ಮಣ್ಣಿನಲ್ಲಿ ಕರಗಿ ಅಮೋನಿಯಾ ರೂಪ ತಾಳಿದಾಗ ಜೇಡಿಯ ಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡಿದೊಡನೆ ಹಿಡಿತ ತಪ್ಪುತ್ತದೆ. ಮಳೆ ಬಂದರೆ ನೈಟ್ರೇಟು ನೀರಿನೊಂದಿಗೆ ಇಳಿದು ಅಂತರ್ಜಲ ಸೇರುತ್ತದೆ. ನೀರು ನಿಂತ ಕಡೆ ಇನ್ನೊಂದು ಗುಂಪಿನ ಜೀವಿಗಳು ಅದನ್ನು ಒಡೆದು ಗಾಳಿಗೆ ಬಿಡುತ್ತವೆ. ಆಗ ಹೊರಬೀಳುವ ನೈಟ್ರಸ್ ಆಕ್ಸೈಡ್ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಭಾರತದ ಪಶ್ಚಿಮ ಕರಾವಳಿಗೆ ತಾಗಿದ ಸಮುದ್ರದಲ್ಲಿ ಆಮ್ಲಜನಕದ ಕೊರತೆ ಹೆಚ್ಚಿ, ಇದೇ ಅನಿಲ ದೊಡ್ಡ ಪ್ರಮಾಣದಲ್ಲಿ ಹುಟ್ಟುತ್ತಿರುವುದನ್ನು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು.

ಇದಕ್ಕೆ ಒಂದು ಮದ್ದು ಹಿತ್ತಿಲಲ್ಲೇ ಇತ್ತು. ಬೇವಿನ ಹಿಂಡಿ ನೈಟ್ರೇಟು ಮಾಡುವ ಜೀವಿಗಳ ಕೈ ನಿಧಾನಗೊಳಿಸುತ್ತದೆ ಎಂಬುದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದ್ದರು. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಯಿತು. ಮೂತ್ರ ಕೂಡಿಡಿ ಎಂದು ಆಜ್ಞೆ ಹೊರಡಿಸಿದ ದೊರೆಗೆ ಈ ಜೀವಿಗಳು ಎಷ್ಟು ಬೇಗ ದುಡಿದರೂ ಸಾಲದಾಗಿತ್ತು. ಇಂದಿನ ರೈತನಿಗೆ ಅವು ತುಸು ನಿಧಾನಿಸಿದರೆ ಸಾಕಾಗಿದೆ. ಜೀವಿಗಳ ಸ್ವಭಾವ ಬದಲಾಗಿಲ್ಲ. ಮನುಷ್ಯ ಅವುಗಳ ಮುಂದೆ ಸುರಿಯುವ ರಾಶಿ ಬದಲಾಗಿದೆ.

ಲೇಪ ನಿಧಾನಗೊಳಿಸಬಲ್ಲದೇ ಹೊರತು ಅತಿಯಾಗಿ ಹಾಕಿದ್ದನ್ನು ಮಾಯ ಮಾಡಲಾರದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟು ಇರಬಾರದೆಂಬುದು ಭಾರತದ ಮಾನದಂಡ. ಮಿತಿ ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಮಿತಿಯನ್ನು ದಾಟಿದ್ದವು. ರಾಜಸ್ಥಾನವನ್ನು ಬಿಟ್ಟರೆ ಮುಂದಿನ ಸ್ಥಾನ ಕರ್ನಾಟಕದ್ದೇ. ಗೊಬ್ಬರದ ಜೊತೆಗೆ ಊರಿನ ಕೊಳಚೆ, ಕೊಟ್ಟಿಗೆಯ ಬಸಿ ನೀರು ಕೂಡ ಇದಕ್ಕೆ ಕಾರಣ.

ನಗರದ ಪಾಳುಬಾವಿಯಲ್ಲಿ ಪೆಟ್ಲುಪ್ಪು ಸಿಕ್ಕಿದಾಗ ಅದು ಸುದ್ದಿಯಾಯಿತು, ವಸ್ತುಸಂಗ್ರಹಾಲಯಕ್ಕೆ ಒದಗುವ ಸಂಗತಿಯಾಯಿತು. ಅದೇ ಉಪ್ಪಿನ ದಾಯಾದಿ ಊರೂರಿನ ಕೊಳವೆಬಾವಿಗಳಲ್ಲಿ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಕರಗಿ ಕುಳಿತಿದೆ. ನೀರನ್ನು ಪರೀಕ್ಷೆ ಮಾಡಿಸಿದ ಹೊರತು ಅದು ಯಾರ ಗಮನಕ್ಕೂ ಬರುವುದಿಲ್ಲ.